ತೊಣ್ಣೂರು ಕೆರೆಗೆ ಒಂದು ದಿನದ ಟ್ರಿಪ್: ಗೈಡ್‌ಗೆ ದುಡ್ಡು ಕೊಡಬೇಕಾ?

ಓದುಗರ ಪ್ರಶ್ನೆ: "ಅಣ್ಣನ ಸಂಸಾರ ಅಮೆರಿಕದಿಂದ ಬರ್ತಾ ಇದೆ. ಅಮ್ಮನೂ ಸೇರಿ ಆರು ಜನ. ಒಂದು ದಿನ ಬೆಂಗಳೂರು ಬಿಟ್ಟು ಮಂಡ್ಯ ಜಿಲ್ಲೆಯ ತೊಣ್ಣೂರು ಕೆರೆ ನೋಡಿಕೊಂಡು ಬರೋಣ ಅಂತಿದ್ದೀವಿ. 'ಗೈಡ್ ಸಮೇತ ಪ್ರೈವೇಟ್ ಟ್ರಿಪ್' ಅಂತ ಕೊಡ್ತಾರಲ್ಲ, ಅದು ದುಡ್ಡಿಗೆ ತಕ್ಕದ್ದಾ? ಸುಮ್ನೆ ಒಂದು ಕಾರು ಬಾಡಿಗೆಗೆ ತಗೊಂಡು ನಾವೇ ಹೋದ್ರೆ ಆಗಲ್ವಾ?"

ಕಾರಂತೂ ಬೇಕು. ಗೈಡ್ ಬೇಕಾ ಅಂದರೆ, ಯಾರು ಆ ಗೈಡ್ ಅಂತ ಮೊದಲು ಕೇಳಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ನಾನೂ ಒಮ್ಮೆ ಇದರಲ್ಲೇ ಏಮಾರಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮೊದಲ ಸಲ ಹೋಗಿದ್ದು ಇಂಥದ್ದೇ ಒಂದು ಪ್ಯಾಕೇಜ್‌ನಲ್ಲಿ. ಪಟ್ಟಿಯಲ್ಲಿ ಐದು ಜಾಗ: ಶ್ರೀರಂಗಪಟ್ಟಣ, ರಂಗನತಿಟ್ಟು, ಕೆಆರ್‌ಎಸ್, ತೊಣ್ಣೂರು, ಮೇಲುಕೋಟೆ. ಅಷ್ಟನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಅಂದಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಕಾರು ಬಂತು. ಗೈಡ್ ಎಲ್ಲಿ ಅಂತ ಕೇಳಿದೆ. ಡ್ರೈವರ್ ನಕ್ಕು "ನಾನೇ ಸಾರ್" ಅಂದರು. ಪಾಪ, ಒಳ್ಳೆ ಮನುಷ್ಯ, ಗಾಡಿ ಚೆನ್ನಾಗಿ ಓಡಿಸಿದರು. ಆದರೆ ಕೆರೆ ಹತ್ತಿರ ಬಂದಾಗ ಮೊಬೈಲ್ ತೆಗೆದು ನಾಲ್ಕು ಸಾಲು ಓದಿ "ಇಪ್ಪತ್ತು ನಿಮಿಷ ಟೈಮ್ ಇದೆ, ಫೋಟೋ ತಗೊಳ್ಳಿ" ಅಂದುಬಿಟ್ಟರು. ತಗೊಂಡೆವು. ನೀರು, ಗುಡ್ಡ, ನೀಲಿ ಆಕಾಶ. ಮನೆಗೆ ಬಂದು ನೋಡಿದರೆ ಅದು ಯಾವ ಕೆರೆ ಬೇಕಾದರೂ ಆಗಬಹುದಿತ್ತು.

ಎರಡನೇ ಸಲ ಪಾಂಡವಪುರದ ಒಬ್ಬರು ನಿವೃತ್ತ ಮೇಷ್ಟ್ರು ಜೊತೆಗಿದ್ದರು, ಸ್ನೇಹಿತನ ಕಡೆಯ ಬಳಗ. ಕಾರಿಂದ ಇಳಿದ ತಕ್ಷಣ ಅವರು ಕೇಳಿದ್ದು ಒಂದೇ ಮಾತು: "ಇಷ್ಟು ನೀರು ನಿಲ್ಲಿಸಿದ್ದಾರಲ್ಲ, ಏರಿ ಎಲ್ಲಿದೆ ಹೇಳಿ ನೋಡೋಣ."

ನಾನು ಸುತ್ತ ನೋಡಿದೆ. ಸಿಗಲಿಲ್ಲ. ಬೆಂಗಳೂರಿನವರಿಗೆ ಕೆರೆ ಏರಿ ಅಂದರೆ ಉದ್ದಕ್ಕೆ, ತಗ್ಗಾಗಿ, ಮೇಲೊಂದು ರಸ್ತೆ ಓಡುತ್ತಿರುವಂಥದ್ದು. ನಮ್ಮ ಕೆರೆಗಳು ಊಟದ ತಟ್ಟೆಯ ಹಾಗೆ, ಅಗಲ ಜಾಸ್ತಿ, ಆಳ ಕಮ್ಮಿ. ತೊಣ್ಣೂರು ಕೆರೆ ಚೊಂಬಿನ ಹಾಗೆ. ಸುತ್ತ ಗುಡ್ಡಗಳು, ಹೊರಗೆ ಹೋಗಲು ಇದ್ದಿದ್ದು ಎರಡು ಕಲ್ಲುಗುಡ್ಡಗಳ ನಡುವೆ ಒಂದು ಸಂದಿ. ಎರಡು ಹಳ್ಳಗಳು ಸೇರಿ ಆ ಸಂದಿಯಲ್ಲಿ ನುಗ್ಗಿ ಹೋಗುತ್ತಿದ್ದವಂತೆ. ಹಳೆಯ ಕಾಲದವರು ಬೇರೆ ಏನೂ ಮಾಡಲಿಲ್ಲ, ಚೊಂಬಿನ ಬಾಯಿಗೆ ಬಿರಡೆ ಹಾಕಿದರು.

ಆ ಬಿರಡೆಯ ಅಳತೆಯೂ ಇದೆ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇಳಿ ಬರೆದುಕೊಂಡ ಲೆಕ್ಕ: ಏರಿಯ ಎತ್ತರ 78 ಮೊಳ, ಉದ್ದ 150 ಮೊಳ, ತಳದಲ್ಲಿ ದಪ್ಪ 250 ಮೊಳ. ಇನ್ನೊಂದು ಸಲ ಓದಿ. ಉದ್ದಕ್ಕಿಂತ ದಪ್ಪವೇ ಜಾಸ್ತಿ! ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಏರಿಯ ಉದ್ದ 225 ಅಡಿ, ನಮ್ಮ ಬಡಾವಣೆಯಲ್ಲಿ ಆರೇಳು ಸೈಟುಗಳ ಅಗಲ ಅಷ್ಟೇ. ಅಷ್ಟು ಪುಟ್ಟ ಏರಿ ಎರಡು ಸಾವಿರ ಎಕರೆಗೂ ಮೀರಿದ ನೀರನ್ನು ಹಿಡಿದು ನಿಂತಿದೆ. ತುಂಬಿದರೆ ಕೆಳಗಿನ ರೈತರಿಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ನೀರು ಅಂತಲೂ ಅವನು ಬರೆದಿದ್ದಾನೆ. ಹೆಚ್ಚಾದ ನೀರು ಹೋಗಲು ಒಂದು ಗುಡ್ಡವನ್ನೇ ಕಡಿದು ಕಾಲುವೆ ಮಾಡಿದ್ದರು.

ಮೇಷ್ಟ್ರು ನಮ್ಮನ್ನು ಏರಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಐದು ನಿಮಿಷವೂ ಹಿಡಿಯಲಿಲ್ಲ. ಮಧ್ಯದಲ್ಲಿ ನಿಲ್ಲಿಸಿ ಎಡಕ್ಕೆ ನೋಡಿ ಅಂದರು, ನೀರು. ಬಲಕ್ಕೆ ನೋಡಿ ಅಂದರು, ತುಂಬಾ ಕೆಳಗೆ ಹಸಿರು. "ಈಗ ಇದೇ ಇಲ್ಲದಿದ್ದರೆ ಏನಾಗ್ತಿತ್ತು ಯೋಚನೆ ಮಾಡಿ" ಅಂದು ಸುಮ್ಮನಾದರು. ಮೊದಲ ಸಲ ಫೋಟೋದಲ್ಲಿ ಇದ್ದಿದ್ದೂ ಇದೇ ಕೆರೆ, ನಾನು ನೋಡಿರಲಿಲ್ಲ ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಇಂಥ ಒಬ್ಬರು ಸಿಗುವುದಾದರೆ ಕೇಳಿದಷ್ಟು ಕೊಡಿ. ಸಿಗಲಿಲ್ಲ ಅಂದರೆ ಬರೀ ಕಾರು ತಗೊಳ್ಳಿ, ಗೈಡ್ ಅನ್ನುವ ಹೆಸರಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಸಿಗುತ್ತಾರೋ ಇಲ್ಲವೋ ಅಂತ ಫೋನಿನಲ್ಲೇ ಗೊತ್ತಾಗುತ್ತದೆ. "ಗೈಡ್ ಇರ್ತಾರಾ" ಅಂತ ಕೇಳಬೇಡಿ, ಎಲ್ಲರೂ ಇರ್ತಾರೆ ಅಂತಲೇ ಹೇಳುತ್ತಾರೆ. "ಡ್ರೈವರ್ ಬೇರೆ, ಗೈಡ್ ಬೇರೆಯಾ? ಗೈಡ್ ಎಲ್ಲಿ ಹತ್ತುತ್ತಾರೆ?" ಅಂತ ಕೇಳಿ. ಆಮೇಲೆ "ತೊಣ್ಣೂರಲ್ಲಿ ಎಷ್ಟು ಹೊತ್ತು ಇರ್ತೀವಿ, ಏರಿ ಮೇಲೆ ನಡೆಸ್ತೀರಾ, ತೂಬು ಕೋಡಿ ಎಲ್ಲಾ ತೋರಿಸ್ತೀರಾ?" ಅಂತ ಕೇಳಿ. ತೂಬು ಅಂದರೆ ಗದ್ದೆಗೆ ನೀರು ಬಿಡುವ ಕಿಂಡಿ, ಕೋಡಿ ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ. ತೂಬು ಅಂದಾಗ ಆ ಕಡೆಯವರು ತಡವರಿಸಿದರೆ ಅಲ್ಲಿಗೆ ಬಿಡಿ. ಇನ್ನೊಂದು: ಬೆಂಗಳೂರಿನಿಂದಲೇ ಗೈಡ್ ಕೂರಿಸಿಕೊಂಡು ಹೋದರೆ ಒಂದು ಸೀಟು ಹೋಯಿತು. ನೀವು ಆರು ಜನ, ಇನ್ನೋವಾದಲ್ಲಿ ಡ್ರೈವರ್ ಬಿಟ್ಟು ಆರು ಜನಕ್ಕೇ ಸರಿ. ಆದ್ದರಿಂದ ಪಾಂಡವಪುರ, ಮೇಲುಕೋಟೆ ಕಡೆಯವರೇ ಆಗಿ, ಅಲ್ಲೇ ಬಂದು ಸೇರಿಕೊಳ್ಳುವವರಾದರೆ ಒಳ್ಳೆಯದು. ಬೇಲೂರು ಹಳೇಬೀಡಿನ ಹಾಗೆ ಬಾಗಿಲಲ್ಲೇ ಗೈಡ್‌ಗಳು ಕಾಯುತ್ತಿರುತ್ತಾರೆ ಅಂದುಕೊಂಡು ಹೋಗಬೇಡಿ, ಮೊದಲೇ ಮಾತಾಡಿಕೊಂಡು ಹೋಗಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಮೇಲುಕೋಟೆಯನ್ನೂ ಸೇರಿಸಿದರೆ ಹೋಗಿ ಬರುವುದಕ್ಕೆ ಸುಮಾರು 300 ಕಿ.ಮೀ. ಆಗುತ್ತದೆ. ಔಟ್‌ಸ್ಟೇಷನ್ ಗಾಡಿಗಳಿಗೆ ದಿನಕ್ಕೆ ಇಷ್ಟು ಅಂತ ಕನಿಷ್ಠ ಕಿ.ಮೀ. ಇರುತ್ತದೆ, ಕೆಲವರದ್ದು 250, ಕೆಲವರದ್ದು 300. ನೀವು ಇನ್ನೂರೇ ಓಡಿಸಿದರೂ ಅಷ್ಟಕ್ಕೆ ಕೊಡಬೇಕು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕಿ.ಮೀ.ಗೆ 20 ರೂಪಾಯಿ ಅಂದುಕೊಳ್ಳಿ, 6,000 ಆಯಿತು. ಅದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ಜಗಳ ಆಗುವುದು ಇದರಲ್ಲಿ ಯಾವುದಕ್ಕೂ ಅಲ್ಲ, ಕಿ.ಮೀ. ಎಲ್ಲಿಂದ ಶುರು ಅನ್ನುವುದಕ್ಕೆ. ಶೆಡ್‌ನಿಂದ ಶೆಡ್‌ಗೆ ಲೆಕ್ಕ ಹಾಕುವವರು ಇದ್ದಾರೆ. ನಿಮ್ಮ ಮನೆ ಯಲಹಂಕದಲ್ಲಿ, ಅವರ ಶೆಡ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದರೆ ಊರೊಳಗಿನ ಓಡಾಟವೂ ನಿಮ್ಮ ತಲೆ ಮೇಲೆ. "ಮನೆ ಬಾಗಿಲಿಂದ ಮನೆ ಬಾಗಿಲಿಗೆ" ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗಾಡಿ ಹಳದಿ ಬೋರ್ಡಿನದ್ದೇ ಇರಲಿ. ಬಿಳಿ ಬೋರ್ಡಿನವರು ಕಡಿಮೆಗೆ ಬರುತ್ತಾರೆ, ಆದರೆ ಸ್ವಂತ ಗಾಡಿಯನ್ನು ಹಾಗೆ ಬಾಡಿಗೆಗೆ ಓಡಿಸುವ ಹಾಗಿಲ್ಲ, ದಾರಿಯಲ್ಲಿ ಹಿಡಿದರೆ ನಿಮ್ಮ ದಿನ ಹಾಳು.

ದಾರಿ ಎರಡು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿ ಮಂಡ್ಯದ ಹತ್ತಿರ ಇಳಿದು ಪಾಂಡವಪುರದ ಕಡೆ ತಿರುಗುವುದು ಒಂದು. ಹೀಗೆ ಹೋದರೆ ಬಿಡದಿ ಕಡೆಯ ಟೋಲ್ ಮಾತ್ರ, ಗಣಂಗೂರಿನದ್ದು ಸಿಗುವುದಿಲ್ಲ. ಅದೇ ದಿನ ವಾಪಸ್ ಬರುವುದರಿಂದ ಟೋಲ್ ಎರಡರಷ್ಟು ಬೀಳುವುದಿಲ್ಲ, 24 ಗಂಟೆಯೊಳಗೆ ಮರಳಿದರೆ ಒಂದೂವರೆಯಷ್ಟು. ಬಿಲ್ಲಿನಲ್ಲಿ ಎರಡರಷ್ಟು ಹಾಕಿದ್ದರೆ ಕೇಳಿ. ವೇಗದ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾ ಇವೆ, ಡ್ರೈವರ್‌ಗೆ ಬೇಗ ಹೋಗಿ ಅಂತ ಅವಸರ ಮಾಡಬೇಡಿ. ಇನ್ನೊಂದು ದಾರಿ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ, ಜಕ್ಕನಹಳ್ಳಿ. ತುಮಕೂರು ರಸ್ತೆ ಕಡೆಯವರಿಗೆ ಇದು ಅನುಕೂಲ, ಮೊದಲು ಮೇಲುಕೋಟೆ ಸಿಗುತ್ತದೆ, ಆಮೇಲೆ ಕೆರೆ.

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಒಂದು ಬೇಜಾರು ಅಂದರೆ ತಿಂಡಿ. ಬಿಡದಿ, ಮದ್ದೂರು ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗಿಬಿಡುತ್ತದೆ. ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕು ಅಂದರೆ ಮೊದಲೇ ಹೇಳಿ ಹಳೇ ರಸ್ತೆಗೆ ಇಳಿಸಿಕೊಳ್ಳಬೇಕು. ಅಮೆರಿಕದಿಂದ ಬಂದವರಿಗೆ ಅದನ್ನು ತಪ್ಪಿಸಬೇಡಿ. ಅಲ್ಲೇ ಅಮ್ಮನಿಗೆ ಶೌಚಾಲಯದ ಕೆಲಸವೂ ಮುಗಿಯಲಿ, ಕೆರೆ ಹತ್ತಿರ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಐದು ಜಾಗದ ಪಟ್ಟಿಯನ್ನು ಎರಡಕ್ಕೆ ಇಳಿಸಿ. ತೊಣ್ಣೂರು, ಮೇಲುಕೋಟೆ ಸಾಕು, ಅವು ಬೇರೆ ಬೇರೆಯೂ ಅಲ್ಲ. ಊರಿನ ಹಳೆಯ ಹೆಸರು ತೊಂಡನೂರು. ರಾಮಾನುಜಾಚಾರ್ಯರು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿ ಇದ್ದರು, ಕೆರೆಯನ್ನು ಕಟ್ಟಿಸಿದ್ದೂ ಅವರೇ ಅನ್ನುವುದು ಇಲ್ಲಿನ ನಂಬಿಕೆ. ಕೆರೆಗೆ ತಿರುಮಲಸಾಗರ ಅಂತ ಹೆಸರಿತ್ತು. 1746ರಲ್ಲಿ ಇಲ್ಲಿ ಬೀಡುಬಿಟ್ಟ ನಿಜಾಮನ ಮಗ ನಾಸಿರ್ ಜಂಗ್ ನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತ ಕರೆದನಂತೆ. ದಂಡು ಕಟ್ಟಿಕೊಂಡು ಬಂದವನಿಗೂ ಹಾಗನ್ನಿಸಿದೆ ನೋಡಿ. ಊರಿನಲ್ಲಿ ನಂಬಿನಾರಾಯಣ ಗುಡಿ ಇದೆ, ಪಂಚನಾರಾಯಣ ಕ್ಷೇತ್ರಗಳಲ್ಲಿ ಒಂದು ಅನ್ನುತ್ತಾರೆ, ಮೇಲುಕೋಟೆಯ ಚೆಲುವನಾರಾಯಣ ಇನ್ನೊಂದು. ಹತ್ತಿರದಲ್ಲೇ ವೇಣುಗೋಪಾಲ ಗುಡಿ. ಅಲ್ಲೇ ಗುಡ್ಡದ ಮೇಲೆ ತೊಣ್ಣೂರಿನದ್ದೇ ಒಂದು ಯೋಗನರಸಿಂಹನ ಗುಡಿ. ಒಂದೇ ಸಲಕ್ಕೆ ಸಾವಿರ ಜನ ಜೈನರು ವಾದಕ್ಕೆ ಬಂದಾಗ ರಾಮಾನುಜರು ಪರದೆ ಹಿಂದೆ ಕೂತು ಆದಿಶೇಷನಾಗಿ ಸಾವಿರ ಬಾಯಿಂದ ಉತ್ತರ ಕೊಟ್ಟರು ಅನ್ನುವ ಕತೆ ಅಲ್ಲಿಯದ್ದು. ಈ ಕತೆಯನ್ನು ನೀವು ಓದಬೇಡಿ, ಯಾರಾದರೂ ಊರಿನವರ ಬಾಯಲ್ಲಿ ಕೇಳಿ, ಕೈ ಆಡಿಸಿಕೊಂಡು ಹೇಳುತ್ತಾರೆ.

ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಅದಕ್ಕೇ ಬೆಳಿಗ್ಗೆ ಆರಕ್ಕೆ ಹೊರಟು, ತಿಂಡಿ ಮುಗಿಸಿ, ಒಂಬತ್ತೂವರೆ ಹತ್ತಕ್ಕೆ ತೊಣ್ಣೂರಿನಲ್ಲಿ ಇರಿ. ಮೊದಲು ಗುಡಿ, ಆಮೇಲೆ ಕೆರೆ. ಮಧ್ಯಾಹ್ನ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು, ಬಾಗಿಲು ತೆಗೆದ ಮೇಲೆ ದರ್ಶನ ಮಾಡಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ. ವೈರಮುಡಿ ಉತ್ಸವದ ಆಸುಪಾಸು ಮಾತ್ರ, ಅಂದರೆ ಮಾರ್ಚ್, ಏಪ್ರಿಲ್ ಕಡೆ, ದಿನ ನೋಡಿಕೊಂಡು ಇಟ್ಟುಕೊಳ್ಳಿ. ಆ ಜನಜಂಗುಳಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗುವುದು ಕಷ್ಟ. ನನ್ನನ್ನು ಕೇಳಿದರೆ ಮಳೆ ಮುಗಿದು ಕೆರೆ ತುಂಬಿರುವ ನವೆಂಬರ್, ಡಿಸೆಂಬರ್ ಚೆನ್ನ, ಅದೂ ವಾರದ ದಿನ.

ಒಂದು ವಿಷಯದಲ್ಲಿ ಮಾತ್ರ ನಾನು ಹಠಮಾರಿ. ನೀರು ತಿಳಿಯಾಗಿ, ಸಮುದ್ರದ ಹಾಗೆ ಸಣ್ಣ ಅಲೆ ಹೊಡೆಯುತ್ತಿರುತ್ತದೆ, ಯಾರಿಗಾದರೂ ಇಳಿಯೋಣ ಅನ್ನಿಸುತ್ತದೆ. ವಾರದ ಕೊನೆಯಲ್ಲಿ ಹುಡುಗರು ಇಳಿದೂ ಇರುತ್ತಾರೆ. ಆದರೆ ಚೊಂಬು ಅಂದೆನಲ್ಲ, ನೆನಪಿಟ್ಟುಕೊಳ್ಳಿ. ಗುಡ್ಡದ ಬುಡವೇ ದಡ. ಪಾಚಿ ಹಿಡಿದ ಬಂಡೆ, ಎರಡು ಹೆಜ್ಜೆ ಮೊಣಕಾಲುದ್ದ, ಮೂರನೆಯದಕ್ಕೆ ನೆಲ ಸಿಗದೆ ಹೋಗಬಹುದು. ಇಲ್ಲಿ ಮುಳುಗಿ ಜೀವ ಕಳೆದುಕೊಂಡವರಿದ್ದಾರೆ. ಅಣ್ಣನ ಮಕ್ಕಳು ಅಲ್ಲಿ ಈಜುಕೊಳದಲ್ಲಿ ಎಷ್ಟೇ ಚೆನ್ನಾಗಿ ಈಜಲಿ, ಇಲ್ಲಿ ದಡದಲ್ಲಿ ಕಾಲು ನೆನೆಸುವುದೂ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ. ಒಳ್ಳೆ ಗೈಡ್ ಎಲ್ಲಿ ನಿಲ್ಲಬಹುದು, ಎಲ್ಲಿ ಬಾರದು ಅಂತ ಮೊದಲೇ ಹೇಳುತ್ತಾರೆ. ನಮ್ಮ ಮೇಷ್ಟ್ರು ಹೇಳಲಿಲ್ಲ, ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

ಅಮ್ಮನ ಬಗ್ಗೆ: ನಂಬಿನಾರಾಯಣ ಗುಡಿ, ಏರಿ ಎರಡಕ್ಕೂ ಹೆಚ್ಚು ಹತ್ತುವ ಕೆಲಸವಿಲ್ಲ. ಮೇಲುಕೋಟೆಯಲ್ಲಿ ಬೆಟ್ಟದ ಮೇಲಿನ ಯೋಗನರಸಿಂಹನಿಗೆ ಮೆಟ್ಟಿಲು ಜಾಸ್ತಿ. ಅದನ್ನು ಮಕ್ಕಳಿಗೆ ಬಿಟ್ಟು ನೀವಿಬ್ಬರೂ ಕೆಳಗೆ ಚೆಲುವನಾರಾಯಣನ ಹತ್ತಿರ ಇರಿ. ಒಂದು ಕೊಡೆ ಇಟ್ಟುಕೊಳ್ಳಿ, ಹತ್ತು ಗಂಟೆಗೇ ಏರಿ ಮೇಲೆ ಬಿಸಿಲು ಚುರುಗುಟ್ಟುತ್ತದೆ. ಪುಳಿಯೋಗರೆ ಕಟ್ಟಿಸುವಾಗ ಡ್ರೈವರ್‌ಗೂ ಒಂದು ಪೊಟ್ಟಣ ಸೇರಿಸಿ.