ಡಾಡ್ಜ್ ಚಾರ್ಜರ್‌ನ ಎತ್ತರ ಹೊಂದಿಸುವುದು: ಟಾರ್ಷನ್ ಬಾರ್‌ನಿಂದ ಕ್ಯಾಸ್ಟರ್‌ವರೆಗೆ

ಹಳೆಯ ಅಮೆರಿಕನ್ ಮಸಲ್ ಕಾರುಗಳ ಎತ್ತರ ಹೊಂದಿಸುವುದನ್ನು ಕಲಿಯಲು 1968ರಿಂದ 1970ರವರೆಗಿನ ಡಾಡ್ಜ್ ಚಾರ್ಜರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದೇ ಕಾಲದ ಮಸ್ಟಾಂಗ್, ಕಮಾರೊಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇತ್ತು. ಅವುಗಳ ಮೂತಿಯನ್ನು ಇಳಿಸಬೇಕೆಂದರೆ ಸ್ಪ್ರಿಂಗನ್ನೇ ಬಿಚ್ಚಬೇಕು. ಡಾಡ್ಜ್‌ನ ಒಡೆಯನಾದ ಕ್ರೈಸ್ಲರ್ ಕಂಪನಿ 1957ರ ಮಾದರಿಗಳಿಂದಲೇ ಮುಂಭಾಗಕ್ಕೆ ಟಾರ್ಷನ್ ಬಾರ್ ಹಾಕುತ್ತಿತ್ತು. ಹಾಗಾಗಿ ಚಾರ್ಜರ್‌ನಲ್ಲಿ ಒಂದೊಂದು ಬದಿಗೆ ಒಂದೊಂದು ಬೋಲ್ಟ್ ತಿರುಗಿಸಿದರೆ ಸಾಕು. ಕೆಲಸ ಇಷ್ಟು ಸುಲಭವಾಗಿರುವುದರಿಂದಲೇ ಅಳತೆಯಿಲ್ಲದೆ ಕೈ ಹಾಕುವವರೂ ಹೆಚ್ಚು.

ಟಾರ್ಷನ್ ಬಾರ್ ಎಂದರೆ ಕಾರಿನ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು. ಅದರ ಎರಡೂ ತುದಿ ಆರು ಮೂಲೆಯವು. ಹಿಂದಿನ ತುದಿ ನೆಲಹಾಸಿನ ಕೆಳಗಿನ ಅಡ್ಡತೊಲೆಯಲ್ಲಿ ಅಲುಗದಂತೆ ಕೂತಿರುತ್ತದೆ. ಮುಂದಿನ ತುದಿ, ಚಕ್ರವನ್ನು ಹಿಡಿದಿಡುವ ಕೆಳಗಿನ ಕಂಟ್ರೋಲ್ ಆರ್ಮ್‌ನ ಬುಡದಲ್ಲಿರುತ್ತದೆ. ಚಕ್ರ ಮೇಲೆದ್ದಾಗ ಆರ್ಮ್ ತಿರುಗಿ, ಒದ್ದೆ ಬಟ್ಟೆ ಹಿಂಡಿದಂತೆ ಸರಳು ತಿರುಚಿಕೊಳ್ಳುತ್ತದೆ. ಸರಳಿಗೂ ಆರ್ಮ್‌ಗೂ ನಡುವಿನ ಕೋನವನ್ನು ನಿರ್ಧರಿಸುವುದು ಹೊಂದಾಣಿಕೆ ಬೋಲ್ಟ್. ಬಿಗಿಸಿದರೆ ಕಾರು ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಬೋಲ್ಟ್ ಬಿಗಿಸಿದರೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ ಎಂದು ಭಾವಿಸುತ್ತಾರೆ. ಹಾಗೆ ಆಗುವುದಿಲ್ಲ. ಸರಳಿನ ಮೇಲೆ ಕೂತಿರುವ ಎಂಜಿನ್‌ನ ಭಾರ ಬದಲಾಗಿಲ್ಲ. ಆದ್ದರಿಂದ ಕಾರು ನಿಂತಿರುವಾಗ ಸರಳು ತಿರುಚಿಕೊಂಡಿರುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾದದ್ದು ಆರ್ಮ್‌ನ ಕೋನ ಮಾತ್ರ. ಗಡಸುತನ ಬೇಕಿದ್ದರೆ ದಪ್ಪ ಸರಳನ್ನೇ ಹಾಕಬೇಕು. ಗಡಸುತನ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, 0.88 ಇಂಚಿನ ಸರಳು ತೆಗೆದು 1 ಇಂಚಿನದನ್ನು ಹಾಕಿದರೆ ಸುಮಾರು ಶೇ 67ರಷ್ಟು ಹೆಚ್ಚುತ್ತದೆ. ಎಡದ ಸರಳನ್ನು ಬಲಕ್ಕೆ ಹಾಕುವಂತಿಲ್ಲ. ಕಾರ್ಖಾನೆಯಲ್ಲೇ ಒಂದೊಂದನ್ನು ಒಂದೊಂದು ದಿಕ್ಕಿನ ತಿರುಚಿಗೆ ಹದಗೊಳಿಸಿರುತ್ತಾರೆ. ಪೈಪ್ ಪಾನಾ ಹಾಕಿ ಸರಳನ್ನು ಹಿಡಿಯಲೇಬೇಡಿ. ಅದರ ಹಲ್ಲು ಮೂಡಿಸಿದ ಗೀರಿನಿಂದಲೇ ಮುಂದೊಂದು ದಿನ ಬಿರುಕು ಶುರುವಾಗುತ್ತದೆ.

ಅಳತೆಯ ವಿಷಯದಲ್ಲಿ ಸಾವಕಾಶವಾಗಿರಿ, ಏಕೆಂದರೆ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ಟೇಪ್ ಹಿಡಿಯುವುದು ಎಲ್ಲರ ರೂಢಿ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಆ ಅಂಚನ್ನು ನಂಬುವಂತಿಲ್ಲ. ಎಂದೋ ಪೆಟ್ಟು ತಿಂದು ಸರಿಹೋಗಿರಬಹುದು, ಹೊಸ ತಗಡು ಕೂತಿರಬಹುದು. ಕಾರ್ಖಾನೆಯ ಕೈಪಿಡಿ ಎರಡು ಅಳತೆ ಕೇಳುತ್ತದೆ: ಆರ್ಮ್‌ನ ಬುಡದಲ್ಲಿರುವ ಹೊಂದಾಣಿಕೆ ಪಟ್ಟಿಯ ಅತಿ ಕೆಳಗಿನ ಬಿಂದುವಿನಿಂದ ನೆಲಕ್ಕೆ ಒಂದು, ಆರ್ಮ್‌ನ ಹೊರತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಕೆಳಗಿನ ಬಾಲ್ ಜಾಯಿಂಟ್‌ನ ತಳದಿಂದ ನೆಲಕ್ಕೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದೇ ಎತ್ತರದ ಸಂಖ್ಯೆ. ಎರಡೂ ಅಳತೆ ಒಂದೇ ನೆಲದಿಂದ ಆರಂಭವಾಗುವುದರಿಂದ, ಕಳೆಯುವಾಗ ಟೈರಿನ ಗಾತ್ರ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಉಳಿಯುವುದು ಆರ್ಮ್ ಎಷ್ಟು ಓರೆಯಾಗಿದೆ ಎಂಬುದೊಂದೇ, ನಮಗೆ ಬೇಕಾದದ್ದೂ ಅದೇ. ಈ ಉಪಾಯ ನನಗೆ ಬಹಳ ಮೆಚ್ಚುಗೆ. ಎಡಬಲಗಳ ನಡುವೆ ಎಂಟನೇ ಒಂದು ಇಂಚು, ಅಂದರೆ ಸುಮಾರು 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ನೆಲ ಸಮತಟ್ಟಾಗಿರಬೇಕು, ಪೆಟ್ರೋಲ್ ಟ್ಯಾಂಕ್ ತುಂಬಿರಬೇಕು, ಟೈರಿನ ಗಾಳಿ ಸರಿಯಿರಬೇಕು. ಬೋಲ್ಟ್ ತಿರುಗಿಸುವ ಮುನ್ನ ಮುಂಭಾಗವನ್ನು ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಗಳು ತೂಗಾಡಲಿ. ಆಗ ಬೋಲ್ಟ್‌ನ ಮರೆಯ (ತಿರುಪಿನ ಸುರುಳಿ ಗೆರೆಗಳ) ಮೇಲಿನ ಒತ್ತಡ ತಗ್ಗುತ್ತದೆ. ಮರೆಗೆ ಗ್ರೀಸ್ ಹಚ್ಚಿ. ಇಳಿಸಿದ ಕೂಡಲೇ ಅಳೆಯಬೇಡಿ. ಕಾರನ್ನು ಹಿಂದೆ ಮುಂದೆ ಉರುಳಿಸಿ, ಬಂಪರ್ ಒತ್ತಿ ಕುಲುಕಿಸಿ, ಅದು ತಾನಾಗಿ ಕೂತ ಮೇಲೆ ಟೇಪ್ ಹಿಡಿಯಿರಿ.

ಕಾರು ಒಂದು ಬದಿಗೆ ವಾಲಿದ್ದರೆ ತಪ್ಪು ಮುಂದಿನದೋ ಹಿಂದಿನದೋ ಎಂದು ಮೊದಲು ತಿಳಿಯಬೇಕು. ಹಿಂದಿನ ಆಕ್ಸಲ್‌ನ ನಡುಭಾಗಕ್ಕೆ ಜ್ಯಾಕ್ ಕೊಟ್ಟು ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಹಿಂದಿನ ಸ್ಪ್ರಿಂಗ್‌ಗಳಿಗೆ ಕಾರನ್ನು ವಾಲಿಸುವ ಬಲ ಬಹುಮಟ್ಟಿಗೆ ಇಲ್ಲ. ಮೂತಿ ನೇರವಾಯಿತೆಂದರೆ ಹಿಂದಿನ ಒಂದು ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಸೋತಿದೆ ಎಂದರ್ಥ. ಅದನ್ನು ಬಿಟ್ಟು ಮುಂದಿನ ಎಡ ಬೋಲ್ಟ್ ಒಂದನ್ನೇ ಬಿಗಿಸುತ್ತಾ ಹೋದರೆ ಮುಂದಿನ ಎಡ ಚಕ್ರದ ಮೇಲೂ ಕರ್ಣಕ್ಕೆ ಎದುರಿರುವ ಹಿಂದಿನ ಬಲ ಚಕ್ರದ ಮೇಲೂ ಭಾರ ಏರುತ್ತದೆ. ಕಣ್ಣಿಗೆ ಕಾರು ನೇರ, ಆದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ನಾಲ್ಕು ಚಕ್ರಗಳ ಹಿಡಿತ ನಾಲ್ಕು ಬಗೆ.

ಹಿಂಭಾಗದ ಲೀಫ್ ಸ್ಪ್ರಿಂಗ್‌ಗೆ ಇಂಥ ಬೋಲ್ಟ್ ಇಲ್ಲ. ಉದ್ದನೆಯ ಶ್ಯಾಕಲ್ (ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಕಾರಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತುವುದು 1970ರ ದಶಕದ ಜನಪ್ರಿಯ ದಾರಿ. ಚಾರ್ಜರ್‌ನಲ್ಲಿ ಆಕ್ಸಲ್ ಸ್ಪ್ರಿಂಗ್‌ನ ನಡುವಿಗಿಂತ ಮುಂದೆ ಕೂತಿದೆ. ಹಾಗಾಗಿ ಶ್ಯಾಕಲ್ ಒಂದು ಇಂಚು ಉದ್ದವಾದರೆ ಆಕ್ಸಲ್‌ನ ಬಳಿ ಕಾರು ಏಳುವುದು ಅರ್ಧ ಇಂಚಿಗಿಂತ ಕಡಿಮೆ. ಜೊತೆಗೆ ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಮೂತಿ ಮೇಲಕ್ಕೆ ವಾಲಿ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ, ಕಾರಿನ ಹಿಂಭಾಗ ಅಡ್ಡಕ್ಕೆ ಅಲುಗುತ್ತದೆ. ಹೀಗೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ; ಸ್ಪ್ರಿಂಗ್‌ಗೆ ಮತ್ತೆ ಬಾಗು ಕೊಡಿಸಿ ಅಥವಾ ಸರಿಯಾದ ಬಾಗಿನ ಹೊಸದನ್ನು ಹಾಕಿ. ಇಳಿಸಬೇಕಿದ್ದರೆ, ಆಕ್ಸಲ್ ಸ್ಪ್ರಿಂಗ್‌ನ ಮೇಲೆ ಕೂರುವ ಕಾರಿದು, ಅವೆರಡರ ನಡುವೆ ಬ್ಲಾಕ್ ಇಡಬಹುದು.

ಹಿಂದೆ ದೊಡ್ಡ ಟೈರು ಹಾಕಿದರೂ ನಿಲುವು ಬದಲಾಗುತ್ತದೆ. 235/60ಆರ್15 ಟೈರಿನ ವ್ಯಾಸ 663 ಮಿಲಿಮೀಟರ್, 275/60ಆರ್15ರದು 711. ವ್ಯತ್ಯಾಸ 48, ಎತ್ತರಕ್ಕೆ ಸಿಗುವುದು ಅದರ ಅರ್ಧ, 24 ಮಿಲಿಮೀಟರ್. ಮುಂದೆ ಒಂದು ಇಂಚು ಇಳಿಸಿ, ಹಿಂದೆ ಈ ಟೈರು ಹಾಕಿದರೆ ಒಟ್ಟು ಹೆಚ್ಚುಕಡಿಮೆ ಎರಡು ಇಂಚಿನ ಓರೆ. ಚಾರ್ಜರ್‌ನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 117 ಇಂಚು. ಆ ಉದ್ದಕ್ಕೆ ಎರಡು ಇಂಚು ಎಂದರೆ ಒಂದು ಡಿಗ್ರಿ. ಇಡೀ ಕಾರೇ ಮುಂದಕ್ಕೆ ವಾಲುವುದರಿಂದ ಕ್ಯಾಸ್ಟರ್‌ನಲ್ಲೂ, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನದಲ್ಲೂ, ಒಂದು ಡಿಗ್ರಿ ಕಳೆಯುತ್ತದೆ. ಆ ಕಾಲದ ಬಯಾಸ್ ಟೈರುಗಳಿಗೆಂದು (ಒಳಗಿನ ದಾರದ ಪದರಗಳು ಓರೆಯಾಗಿರುವ ಹಳೆಯ ಬಗೆ) ಕಾರ್ಖಾನೆ ಇಟ್ಟಿದ್ದ ಕ್ಯಾಸ್ಟರ್ ಶೂನ್ಯದ ಆಸುಪಾಸಿನದು. ಕೈಯಲ್ಲಿರುವುದೇ ಅಷ್ಟು, ಅದರಲ್ಲಿ ಒಂದು ಡಿಗ್ರಿ ಹೋದರೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಕಾರು ಅತ್ತಿತ್ತ ಹುಡುಕಾಡುತ್ತದೆ. ಈಗಿನ ರೇಡಿಯಲ್ ಟೈರುಗಳಿಗೆ ಧನಾತ್ಮಕ ಕ್ಯಾಸ್ಟರ್ ಇನ್ನೂ ಹೆಚ್ಚು ಬೇಕು.

ಆದ್ದರಿಂದ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು, ಯಾವಾಗಲೂ ಎತ್ತರ ಮುಗಿದ ನಂತರ. ಕೆಳಗಿನ ಆರ್ಮ್‌ನ ರಬ್ಬರ್ ಬುಶ್ ಬದಲಿಸಿದ್ದರೆ ಅದರ ನಟ್ಟನ್ನು ಕಾರು ಚಕ್ರದ ಮೇಲೆ ನಿಂತಾಗಲೇ ಪೂರ್ತಿ ಬಿಗಿಸಿ. ತೂಗಾಡುವಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ, ಎತ್ತರವನ್ನೂ ಸುಳ್ಳಾಗಿ ತೋರಿಸುತ್ತದೆ. ಆಮೇಲೆ ಮೇಲಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳಿಂದ ಕ್ಯಾಸ್ಟರ್ ಮತ್ತು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಒಳ-ಹೊರ ಓರೆ), ಕೊನೆಗೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು). ಮೂತಿ ಇಳಿದಿದ್ದರೆ ಹೆಡ್‌ಲೈಟ್‌ಗಳ ಗುರಿಯೂ ಇಳಿದಿರುತ್ತದೆ. ರಾತ್ರಿ ರಸ್ತೆಗೆ ಇಳಿಯುವ ಮೊದಲು ಅದನ್ನೂ ಹೊಂದಿಸಿ.