ಕೊನೆಯ ಚಕ್ರವರ್ತಿಯನ್ನು ಇಳಿಸಿದ್ದು ಸೈನಿಕರ ಕೂಲಿ

ಪದವಿ ತರಗತಿಯಲ್ಲಿ ರೋಮ್ ಪತನದ ಪಾಠ ಬಂದಾಗ ನಾನು ಪ್ರತಿವರ್ಷ 'ದಿ ಲಾಸ್ಟ್ ಲೀಜನ್' ಸಿನಿಮಾದ ಅರ್ಧ ಗಂಟೆಯನ್ನಾದರೂ ಮಕ್ಕಳಿಗೆ ತೋರಿಸುತ್ತೇನೆ. 2007ರ ಸಿನಿಮಾ ಅದು. ಕಾಲಿನ್ ಫರ್ತ್, ಬೆನ್ ಕಿಂಗ್ಸ್ಲಿ ಇದ್ದಾರೆ, ನಮ್ಮ ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ ಕೂಡ ಇದ್ದಾರೆ. ಐಶ್ವರ್ಯಾ ಕತ್ತಿ ಹಿಡಿದು ಬಂದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಪಾಠ ಶುರು ಮಾಡಲು ನನಗೆ ಅಷ್ಟು ಸಾಕು.

ಕತೆ ಸುಲಭ. ರೋಮುಲಸ್ ಎಂಬ ಹುಡುಗನಿಗೆ ರೋಮ್ ನಗರದಲ್ಲಿ ಪಟ್ಟ ಕಟ್ಟುತ್ತಾರೆ. ಓಡೊವಾಸರನ ಪಡೆ ನುಗ್ಗುತ್ತದೆ, ಹುಡುಗ ಸೆರೆಯಾಗಿ ಕಾಪ್ರಿ ದ್ವೀಪ ಸೇರುತ್ತಾನೆ, ಅಲ್ಲಿ ಜೂಲಿಯಸ್ ಸೀಸರನ ಕತ್ತಿ ಸಿಗುತ್ತದೆ. ಆಮೇಲೆ ತಪ್ಪಿಸಿಕೊಂಡು ಬ್ರಿಟನ್ನಿಗೆ, ಹೇಡ್ರಿಯನ್ ಗೋಡೆಯ ಹತ್ತಿರ ಕೊನೆಯ ಯುದ್ಧಕ್ಕೆ. ಸಾಹಸದ ಸಿನಿಮಾ, ಅದು ಹಾಗೇ ಇರಬೇಕು. ನನ್ನ ತಕರಾರು ಕತ್ತಿಯ ಬಗ್ಗೆ ಅಲ್ಲ. ಇದನ್ನು ನೋಡಿದ ಮಕ್ಕಳು ಒಂದು ರಾತ್ರಿಯ ಬೆಂಕಿಯಲ್ಲಿ ಸಾಮ್ರಾಜ್ಯ ಮುಗಿದುಹೋಯಿತು ಅಂದುಕೊಳ್ಳುತ್ತಾರೆ, ತೊಂದರೆ ಇರುವುದು ಅಲ್ಲಿ.

ನಡೆದದ್ದು ಹೀಗೆ. ರೋಮುಲಸ್‌ನ ಅಪ್ಪ ಒರೆಸ್ಟಿಸ್ ಸೇನೆಯ ದೊಡ್ಡ ಅಧಿಕಾರಿ. ಒಂದು ಕಾಲದಲ್ಲಿ ಹೂಣರ ಅಟಿಲನ ಬಳಿ ಕಾರಕೂನನಾಗಿದ್ದವನು! ಇಂಥ ಮನುಷ್ಯನನ್ನು ಯಾವ ಸಿನಿಮಾ ಆದರೂ ಹೇಗೆ ಬಿಡುತ್ತದೋ ನನಗೆ ಗೊತ್ತಿಲ್ಲ. ಅವನು ಹಳೆಯ ಚಕ್ರವರ್ತಿ ಜೂಲಿಯಸ್ ನೆಪೋಸ್‌ನನ್ನು ಓಡಿಸಿ, 475ರ ಅಕ್ಟೋಬರ್ 31ರಂದು ಮಗನಿಗೆ ಪಟ್ಟ ಕಟ್ಟಿದ. ಅದೂ ಉತ್ತರ ಇಟಲಿಯ ರವೆನ್ನಾದಲ್ಲಿ, ರೋಮ್‌ನಲ್ಲಲ್ಲ, ಯಾಕೆಂದರೆ ಸುತ್ತ ಜವುಗು ನೆಲ ಇದ್ದ ರವೆನ್ನಾವನ್ನು ಮುತ್ತಿಗೆ ಹಾಕಿ ಗೆಲ್ಲುವುದು ಕಷ್ಟ ಅಂತ ಆಸ್ಥಾನ ಆ ಶತಮಾನದ ಶುರುವಿನಲ್ಲೇ ಅಲ್ಲಿಗೆ ಹೋಗಿತ್ತು.

ಹತ್ತು ತಿಂಗಳು ಕಳೆಯಿತು. ಇಟಲಿಯ ಸೇನೆಯಲ್ಲಿ ಆಗ ಇದ್ದವರಲ್ಲಿ ಜಾಸ್ತಿ ಜನ ಹೊರಗಿನಿಂದ ಬಂದ ಜರ್ಮನಿಕ್ ಕುಲಗಳವರು. ಅವರು ಕೇಳಿದ್ದು ಜಮೀನು, ಇಟಲಿಯ ಮೂರನೇ ಒಂದು ಪಾಲು. ಒರೆಸ್ಟಿಸ್ ಕೊಡಲ್ಲ ಅಂದ. ನಾನು ಕೊಡಿಸುತ್ತೇನೆ ಅಂದವನು ಅದೇ ಸೇನೆಯ ಅಧಿಕಾರಿ ಓಡೊವಾಸರ್. 476ರ ಆಗಸ್ಟ್ 23ಕ್ಕೆ ಸೈನಿಕರು ಅವನನ್ನು ರಾಜ ಅಂದರು, 28ಕ್ಕೆ ಒರೆಸ್ಟಿಸ್‌ನನ್ನು ಕೊಂದರು, ಸೆಪ್ಟೆಂಬರ್ 4ಕ್ಕೆ ಹುಡುಗ ಸಿಂಹಾಸನ ಇಳಿದ. ಹೊರಗಿಂದ ದಂಡೆತ್ತಿ ಬಂದವರು ಯಾರೂ ಇಲ್ಲ, ತಮ್ಮದೇ ಸೇನೆ ಕೂಲಿ ಕೇಳಿತು. ಇಷ್ಟು ದುಡಿದವರಿಗೆ ಕೊಡಲು ಸರ್ಕಾರದ ಬಳಿ ಏನೂ ಉಳಿದಿರಲಿಲ್ಲ, ಯಾಕೆಂದರೆ ತೆರಿಗೆ ತುಂಬುತ್ತಿದ್ದ ಉತ್ತರ ಆಫ್ರಿಕ 439ರಲ್ಲೇ, ಅಲ್ಲಿನ ಮುಖ್ಯ ನಗರ ಕಾರ್ತೇಜ್ ಸಮೇತ, ವಾಂಡಲರು ಎಂಬ ಜರ್ಮನಿಕ್ ಕುಲದವರ ಕೈಗೆ ಹೋಗಿತ್ತು. ರೋಮ್ ಯಾಕೆ ಬಿತ್ತು ಅಂತ ಪರೀಕ್ಷೆಯಲ್ಲಿ ಕೇಳಿದರೆ ಮೊದಲು ಈ ಆಫ್ರಿಕದ ತೆರಿಗೆಯನ್ನು ಬರೆಯಿರಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ಹುಡುಗನ ಕತೆ ಏನಾಯಿತು? ಚಿಕ್ಕವನು, ನೋಡಲು ಚೆಂದ ಇದ್ದಾನೆ ಅಂತ ಓಡೊವಾಸರ್ ಕರುಣೆ ತೋರಿಸಿದ ಎಂದು ಆ ಕಾಲಕ್ಕೆ ಹತ್ತಿರದ ಒಂದು ಬರಹ ಹೇಳುತ್ತದೆ. ದಕ್ಷಿಣ ಇಟಲಿಯ ಕಂಪಾನಿಯಾಕ್ಕೆ ನೆಂಟರ ಜೊತೆ ಕಳಿಸಿದ, ವರ್ಷಕ್ಕೆ 6000 ಸಾಲಿಡಸ್ ಕೊಟ್ಟ. ಸಾಲಿಡಸ್ ಅಂದರೆ ಸುಮಾರು ನಾಲ್ಕೂವರೆ ಗ್ರಾಂ ತೂಕದ ಬಂಗಾರದ ನಾಣ್ಯ. ಬೋರ್ಡಿನ ಮೇಲೆ ಗುಣಿಸಿ ನೋಡಿ ಅಂತೇನೆ: ಹತ್ತಿರ ಹತ್ತಿರ 27 ಕಿಲೋ ಬಂಗಾರ, ಪ್ರತಿ ವರ್ಷ. ಇಷ್ಟು ಹೊತ್ತಿಗೆ ಸಿನಿಮಾದ ಸೆರೆಮನೆ ಎಲ್ಲರಿಗೂ ಮರೆತುಹೋಗಿರುತ್ತದೆ.

ಅದೇ ಹುಡುಗನ ಹೆಸರಿನ ಸಾಲಿಡಸ್‌ನ ಫೋಟೋವನ್ನು ದೊಡ್ಡದು ಮಾಡಿ ಪರದೆಗೆ ಹಾಕುತ್ತೇನೆ. ಮುಖ ನೋಡಿ ಅಂತೇನೆ. ತಲೆಗೆ ಶಿರಸ್ತ್ರಾಣ, ಹೆಗಲ ಮೇಲೆ ಈಟಿ, ಪಕ್ಕದಲ್ಲಿ ಗುರಾಣಿ. ಹಿಂಬದಿಯಲ್ಲಿ ಉದ್ದ ಶಿಲುಬೆ ಹಿಡಿದು ನಿಂತ ವಿಜಯದೇವತೆ. ಅದರಲ್ಲಿ ಹುಡುಗ ಎಲ್ಲೂ ಇಲ್ಲ! ಹಿಂದಿನ ಎಷ್ಟೋ ಚಕ್ರವರ್ತಿಗಳಿಗೆ ಹಾಕಿದ ಅಚ್ಚಿನ ಮುಖವೇ ಇವನಿಗೂ. ಟಂಕಸಾಲೆಗೆ ಬೇಕಿದ್ದದ್ದು ಹೆಸರು ಮಾತ್ರ. ಜನ ಅವನನ್ನು 'ಅಗಸ್ಟುಲಸ್' ಅಂದರು, ಅಂದರೆ ಮರಿ ಅಗಸ್ಟಸ್. ಅವನು ಇಳಿದ ಮೇಲೆ ರಾಜಚಿಹ್ನೆಗಳು ಸಾಮ್ರಾಜ್ಯದ ಪೂರ್ವ ಭಾಗದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದವು, ಇನ್ನು ಮುಂದೆ ಒಬ್ಬನೇ ಚಕ್ರವರ್ತಿ ಸಾಕು ಅನ್ನುವ ಮಾತಿನ ಜೊತೆ. ರೋಮ್‌ನಲ್ಲಿ ಸೆನೆಟ್ ಸಭೆ ಎಂದಿನಂತೆ ಕೂತಿತು. ಪಶ್ಚಿಮದ ಸಾಮ್ರಾಜ್ಯ ಇಲ್ಲಿಗೆ ಮುಗಿಯಿತು ಎಂಬ ಬರಹ ಸಿಗುವುದು 6ನೇ ಶತಮಾನದಲ್ಲಿ, ಅದೂ ಪೂರ್ವದಲ್ಲಿದ್ದ ಇತಿಹಾಸಕಾರ ಮಾರ್ಸೆಲಿನಸ್‌ನ ಕೈಯಿಂದ.

ಇನ್ನು ಐಶ್ವರ್ಯಾ ಮಾಡಿದ ಮೀರಾ ಪಾತ್ರ. ಕಾನ್‌ಸ್ಟಾಂಟಿನೋಪಲ್ ಕಡೆಯಿಂದ ಬಂದ ಭಾರತದ ಹೆಣ್ಣು ಯೋಧೆ. "ಮೇಡಂ, ಆಗ ನಮ್ಮವರು ಅಲ್ಲಿದ್ದರಾ, ಇದು ಸುಮ್ನೆ ಸೇರಿಸಿದ್ದಲ್ವಾ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಮೀರಾ ಕಲ್ಪನೆ, ಆದರೆ ದಾರಿ ಕಲ್ಪನೆ ಅಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳ ಬಂಗಾರದ ನಾಣ್ಯಗಳ ನಿಧಿಯೇ ಸಿಕ್ಕಿದೆ, 5 ಮತ್ತು 6ನೇ ಶತಮಾನದವು. ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲ. ರವೆನ್ನಾದ ಹುಡುಗನಿಗೆ ಕೊಟ್ಟ ಪಿಂಚಣಿಯ ಲೆಕ್ಕ ಇದೇ ಸಾಲಿಡಸ್‌ನಲ್ಲಿ.

ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳನ್ನು ಹತ್ತಿರದಿಂದ ನೋಡಿದರೆ ಎಷ್ಟೋ ನಾಣ್ಯಗಳಲ್ಲಿ ಎರಡು ಸಣ್ಣ ತೂತು ಕಾಣುತ್ತವೆ, ಪಕ್ಕಪಕ್ಕದಲ್ಲಿ, ರಾಜನ ತಲೆಯ ಮೇಲ್ಗಡೆ. ಯಾಕಿರಬಹುದು ಅಂತ ಕೇಳುತ್ತೇನೆ. ಹುಡುಗರು ಯೋಚನೆ ಮಾಡುತ್ತಾ ಕೂರುತ್ತಾರೆ. ಉತ್ತರ ಬರುವುದು ಸಾಮಾನ್ಯವಾಗಿ ಹುಡುಗಿಯರ ಸಾಲಿನಿಂದ: "ಕಾಸಿನ ಸರ ಮೇಡಂ." ಹೌದು, ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಳ್ಳಲು. ತೂತು ಕೊರೆದವನು ರಾಜನ ಮುಖ ತಲೆಕೆಳಗಾಗದ ಹಾಗೆ ಜಾಗ ನೋಡಿ ಕೊರೆದಿದ್ದಾನೆ.