‘ಬೇಡ’ ಅಂದ್ರೆ ಸಂಕೋಚ ಅಂದ್ಕೋತಾರೆ

ತೂಕ ಇಳಿಸಬೇಕು ಅಂತ ನನ್ನ ಹತ್ತಿರ ಬರುವವರ ಮನೆ ಊಟದಲ್ಲಿ ಈಗೀಗ ಅಂಥ ತಪ್ಪೇನೂ ಸಿಗುವುದಿಲ್ಲ. ಅನ್ನ ಕಡಿಮೆ ಮಾಡಿರುತ್ತಾರೆ, ಎಣ್ಣೆ ಅಳೆದು ಹಾಕುತ್ತಾರೆ, ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಆದರೂ ತೂಕದ ಮುಳ್ಳು ಅಲುಗಾಡುವುದಿಲ್ಲ. ಆಫೀಸಿನಲ್ಲಿ ಸಂಜೆ ನಾಲ್ಕು ಗಂಟೆಗೆ ಏನು ನಡೆಯುತ್ತದೆ ಅಂತ ಕೇಳಿದಾಗ ಒಂದೊಂದೇ ಹೊರಬರುತ್ತದೆ. ಸೋಮವಾರ ಯಾರದೋ ಬರ್ತ್‌ಡೇ ಕೇಕು. ಬುಧವಾರ ಮಗಳು ಪಿಯುಸಿ ಪಾಸಾದ ಖುಷಿಗೆ ಮೈಸೂರು ಪಾಕು. ಶುಕ್ರವಾರ ಊರಿಂದ ಬಂದವರು ತಂದ ಧಾರವಾಡ ಪೇಡ. ಒಂದನ್ನೂ ಇವರು ಕೇಳಿ ತೆಗೆದುಕೊಂಡಿದ್ದಲ್ಲ.

ಒಂದು ಪೀಸಿನ ಲೆಕ್ಕ ನೋಡೋಣ. ತುಪ್ಪ ಸುರಿಯುವ ಮೈಸೂರು ಪಾಕಿನ 40 ಗ್ರಾಂ ತುಂಡಿನಲ್ಲಿ 15 ಗ್ರಾಂ ತುಪ್ಪ ಇದೆ ಅಂದುಕೊಳ್ಳಿ. ಕೊಬ್ಬಿನ ಗ್ರಾಮಿಗೆ 9 ಕ್ಯಾಲೊರಿಯಂತೆ ಅದೇ 135 ಆಯಿತು. ಸಕ್ಕರೆ, ಕಡಲೆಹಿಟ್ಟು ಸೇರಿದರೆ 200 ದಾಟುತ್ತದೆ. 70 ಕೆಜಿ ತೂಗುವವರು ಸಾಧಾರಣ ವೇಗದಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ನಡೆದರೆ ಕರಗುವುದು ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ವಾಕಿಂಗು ಒಂದು ತುಂಡಿಗೆ ಸರಿಹೋಯಿತು.

ಹಾಗಾದರೆ ‘ಬೇಡ’ ಅನ್ನಬಹುದಲ್ಲ? ಅನ್ನುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಮನೆಗಳಲ್ಲಿ ಬಡಿಸುವಾಗ ಒಂದು ಪದ್ಧತಿ ಇದೆ ಅಲ್ವಾ? ಮೊದಲ ಸಲ ಕೇಳಿದಾಗಲೇ ಹಾಕಿಸಿಕೊಂಡರೆ ಆಸೆಬುರುಕ ಅನ್ನಿಸಿಕೊಳ್ಳುತ್ತೇವೆ. ಒಂದೇ ಸಲ ಕೇಳಿ ಸುಮ್ಮನಾದರೆ ಬಡಿಸುವವರು ಜಿಪುಣರಾಗುತ್ತಾರೆ. ಅದಕ್ಕೇ ನಾವು ಎರಡು ಸಲ ಬೇಡ ಅಂತೀವಿ, ಅವರು ಮೂರನೇ ಸಲ ಬಲವಂತ ಮಾಡ್ತಾರೆ. ಅದೇ ಪದ್ಧತಿ ಬುತ್ತಿಯ ಜೊತೆ ಆಫೀಸಿಗೂ ಬಂದಿದೆ. ನಿಮ್ಮ ಸಹೋದ್ಯೋಗಿ ಕೆಟ್ಟವರಲ್ಲ. ಇವರು ಸಂಕೋಚ ಪಡ್ತಿದ್ದಾರೆ ಅಂತ ನಿಜವಾಗಿಯೂ ನಂಬಿದ್ದಾರೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬೇಡ ಅಂದಿದ್ದಕ್ಕೆ ಕಾರಣ ಕೊಡಲು ಹೋಗುತ್ತಾರೆ. ಡಯೆಟ್ ಅಂದರೆ, ‘ಒಂದು ದಿನ ತಿಂದ್ರೆ ಏನೂ ಆಗಲ್ಲ’. ಹೊಟ್ಟೆ ಸರಿಯಿಲ್ಲ ಅಂದರೆ, ‘ಸರಿ, ನಾಳೆಗೆ ಎತ್ತಿಟ್ಟಿರ್ತೀನಿ’. ಕೆಲವರು ಇಲ್ಲದ ಶುಗರನ್ನು ಇದೆ ಅಂತ ಸುಳ್ಳು ಹೇಳುತ್ತಾರೆ. ಅವತ್ತು ಸಿಹಿ ತಪ್ಪುತ್ತದೆ, ಮರುದಿನದಿಂದ ಮೆಂತ್ಯದ ನೀರು, ಹಾಗಲಕಾಯಿ ಜ್ಯೂಸಿನ ಉಪದೇಶ ಶುರುವಾಗುತ್ತದೆ. ಪ್ರತಿ ಕಾರಣಕ್ಕೂ ಆಫೀಸಿನಲ್ಲಿ ಒಬ್ಬರ ಹತ್ತಿರ ಉತ್ತರ ಇದ್ದೇ ಇರುತ್ತದೆ. ಹಾಗಾಗಿ ಡಯೆಟ್ ಮಾಡುವ ವಿಷಯ ಆಫೀಸಿನಲ್ಲಿ ಸಾರಬೇಡಿ ಅಂತ ನಾನು ಹೇಳುವುದು. ಸಾರಿದ ದಿನದಿಂದ ನಿಮ್ಮ ತಟ್ಟೆ ಎಲ್ಲರ ಆಸ್ತಿ.

‘ನೀನೇನು ದಪ್ಪ ಇದ್ದೀಯಾ?’ ಅನ್ನುವ ಮಾತೂ ಬರುತ್ತದೆ. ಇದು ಪ್ರೀತಿಯ ಮಾತೇ, ಆದರೆ ಕಣ್ಣಳತೆ ಮೋಸ ಮಾಡುತ್ತದೆ. ನಮ್ಮವರಿಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಶುಗರ್ ಕಡಿಮೆ ತೂಕಕ್ಕೇ ಬರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) ಗಡಿಯನ್ನು ಕೆಳಗೆ ಇಳಿಸಿದ್ದಾರೆ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 165 ಸೆಂಟಿಮೀಟರ್ ಎತ್ತರದವರಿಗೆ ಆ 25 ಅಂದರೆ ಬರೀ 68 ಕೆಜಿ. ಅಷ್ಟು ತೂಕದವರನ್ನು ನಮ್ಮ ಆಫೀಸುಗಳಲ್ಲಿ ‘ಆರೋಗ್ಯವಾಗಿದ್ದಾರೆ’ ಅಂತಾರೆ! ಸೊಂಟದ ಟೇಪು ಇನ್ನೂ ನೇರವಾಗಿ ಹೇಳುತ್ತದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದೇ ಗಡಿ. ಇದನ್ನೆಲ್ಲ ಪೇಡ ಹಿಡಿದು ನಿಂತವರಿಗೆ ವಿವರಿಸಲು ಹೋಗಬೇಡಿ, ನಿಮಗೆ ಗೊತ್ತಿದ್ದರೆ ಸಾಕು.

ನನ್ನಲ್ಲಿಗೆ ಬರುವವರಿಗೆ ಉಪಯೋಗಕ್ಕೆ ಬಂದ ದಾರಿ ಸರಳ. ಸಿಹಿ ತಂದವರಿಗೆ ಹೇಳಿಕೊಳ್ಳಲು ಒಂದು ಸುದ್ದಿ ಇರುತ್ತದೆ. ಅದನ್ನು ಕೇಳಿ. ‘ಮಗಳಿಗೆ ಎಷ್ಟು ಬಂತು? ಮುಂದೆ ಏನು ಓದಿಸ್ತೀರಿ?’ ಎರಡು ನಿಮಿಷ ಮನಸ್ಸಿಟ್ಟು ಮಾತಾಡಿದರೆ ನೀವು ತಿಂದಿರೋ ಇಲ್ಲವೋ ಅವರಿಗೆ ನೆನಪೂ ಇರುವುದಿಲ್ಲ. ಮುಖ ಸಿಂಡರಿಸಿಕೊಂಡು ಕೈ ಅಡ್ಡ ಹಿಡಿದಾಗಲೇ ಅವರಿಗೆ ಬೇಜಾರಾಗುವುದು. ಆಮೇಲೂ ಬಲವಂತ ಮಾಡಿದರೆ ನಗುತ್ತಾ ‘ಬೇಡ, ಸಾಕು’ ಅನ್ನಿ. ಮತ್ತೆ ಕೇಳಿದರೆ ಅದೇ ಮಾತು, ಅದೇ ನಗು. ಹೊಸ ಕಾರಣ ಸೇರಿಸಬೇಡಿ. ಕೈಯಲ್ಲೊಂದು ಟೀ ಕಪ್ ಇದ್ದರೆ ಇನ್ನೂ ಸುಲಭ. (ದಿನಕ್ಕೆ ಮೂರು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಅಂದರೆ ಅದೇ 30 ಗ್ರಾಂ. ಆ ಕಥೆ ಇನ್ನೊಂದು ದಿನಕ್ಕಿರಲಿ.)

‘ಮನೆಗೆ ತಗೊಂಡು ಹೋಗ್ತೀನಿ’ ಅಂತ ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಳ್ಳುವ ಉಪಾಯವನ್ನು ನಾನು ಅಷ್ಟು ನಂಬುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ಮನೆ ತಲುಪುವುದು ಅನುಮಾನ.

ಪ್ರಸಾದದ ವಿಷಯ ಬೇರೆ. ತಿರುಪತಿ ಲಾಡು ಬೇಡ ಅನ್ನಲು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪ್ರಸಾದಕ್ಕೆ ಅಳತೆ ಅಂತ ಯಾರು ಇಟ್ಟಿದ್ದಾರೆ? ಒಂದು ಚಿಟಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ಅಷ್ಟೇ ಪುಣ್ಯ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೂ ಒಂದು ಚಮಚ ಸಾಕು. ಕೊಬ್ಬರಿ, ಕಡಲೆಕಾಯಿ, ಎಳ್ಳು ಮೂರೂ ಕೊಬ್ಬಿನ ಪದಾರ್ಥಗಳೇ. ಕಡಲೆಪುರಿಯ ಹಾಗೆ ಮುಕ್ಕುತ್ತಾ ಕೂತರೆ ಲೆಕ್ಕ ತಪ್ಪುತ್ತದೆ. ‘ಇದು ಬೆಲ್ಲದ್ದು, ಏನಾಗಲ್ಲ’ ಅಂತ ಬರುವ ಸಿರಿಧಾನ್ಯದ ಉಂಡೆಯೂ ಹಾಗೆಯೇ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಶುಗರ್‌ಫ್ರೀ ಸ್ವೀಟಿನಲ್ಲಿ ಸಕ್ಕರೆ ಮಾತ್ರ ಇರುವುದಿಲ್ಲ, ತುಪ್ಪ, ಖೋವ ಎಲ್ಲ ಇರುತ್ತದೆ.

ಇನ್ನೊಂದು ಮಾತು. ಮಧ್ಯಾಹ್ನ ಬರೀ ಅನ್ನ-ಸಾರು ತಿಂದು, ಅಥವಾ ಊಟವನ್ನೇ ಬಿಟ್ಟು, ನಾಲ್ಕು ಗಂಟೆಗೆ ಕೇಕಿನ ಮುಂದೆ ನಿಂತರೆ ಯಾವ ಮಾತೂ ನಿಮ್ಮನ್ನು ಕಾಪಾಡುವುದಿಲ್ಲ. ಡಬ್ಬಿಯಲ್ಲಿ ಹೆಸರುಕಾಳಿನ ಪಲ್ಯ, ಮೊಟ್ಟೆ, ಮೊಸರು ಏನಾದರೂ ಇರಲಿ. ಮೂರೂವರೆಗೆ ಒಂದು ಹಿಡಿ ಕಡಲೆ ಉಸಲಿ ತಿಂದವರಿಗೆ ಬೇಡ ಅನ್ನುವುದು ಕಷ್ಟ ಆಗುವುದಿಲ್ಲ.

ತಿಂದೇಬಿಟ್ಟರೆ? ತಿಂದಿರಿ, ಮುಗಿಯಿತು. ‘ಇವತ್ತು ಹೇಗೂ ಕೆಟ್ಟೋಯ್ತು’ ಅಂತ ರಾತ್ರಿ ಪರೋಟ, ಐಸ್‌ಕ್ರೀಮ್ ತರಿಸಿಕೊಳ್ಳುವವರನ್ನು ಜಾಸ್ತಿ ನೋಡುತ್ತೇನೆ. ನಾಲ್ಕು ಗಂಟೆಯ 200 ಕ್ಯಾಲೊರಿಗಿಂತ ರಾತ್ರಿಯ 1,000 ದೊಡ್ಡದು. ಹಾಗಂತ ರಾತ್ರಿ ಉಪವಾಸವೂ ಬೇಡ. ಎಂದಿನ ಊಟ ಮಾಡಿ ಮಲಗಿ. ಅದಕ್ಕಿಂತ, ಯಾವುದಕ್ಕೆ ಹೂಂ ಅನ್ನಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸಹೋದ್ಯೋಗಿಯ ಅಮ್ಮ ಕೈಯಾರೆ ತಟ್ಟಿದ ಒಬ್ಬಟ್ಟನ್ನು ಬಿಟ್ಟು ಬೇಕರಿಯ ಬಣ್ಣದ ಕ್ರೀಮ್ ತಿನ್ನುವುದು ನನ್ನ ಪ್ರಕಾರ ನಷ್ಟದ ವ್ಯಾಪಾರ.

ಈಗ ಹಂಚುವವರಿಗೂ ಒಂದು ಮಾತು. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ, ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳು ನಮ್ಮ ದೇಶಕ್ಕೂ ಬಂದವು. ಅವನ್ನು ತೆಗೆದುಕೊಳ್ಳುವವರಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ತುಪ್ಪದ ಸಿಹಿ ತಿಂದರೆ ವಾಕರಿಕೆ, ಕೆಲವೊಮ್ಮೆ ವಾಂತಿ ಆಗಬಹುದು. ಇಂಜೆಕ್ಷನ್ ವಿಷಯವನ್ನು ಆಫೀಸಿನಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ನೀವು ಬಲವಂತವಾಗಿ ಬಾಯಿಗಿಟ್ಟ ಜಾಮೂನಿನಿಂದ ಅವರು ಮಧ್ಯಾಹ್ನವೆಲ್ಲ ಒದ್ದಾಡಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಡಬ್ಬಿ ಹಿಡಿದು ಸೀಟಿನಿಂದ ಸೀಟಿಗೆ ಹೋಗಬೇಡಿ. ಪ್ಯಾಂಟ್ರಿಯ ಮೇಜಿನ ಮೇಲಿಟ್ಟು ಗ್ರೂಪಿನಲ್ಲಿ ಒಂದು ಸಾಲು ಹಾಕಿ. ಬೇಕಾದವರು ಬರುತ್ತಾರೆ. ಮುಚ್ಚಳ ಮಾತ್ರ ಮುಚ್ಚಿಡಿ, ತೆರೆದ ಡಬ್ಬಿಯ ಪಕ್ಕ ನೀರು ಹಿಡಿಯಲು ಹೋದವರೂ ಒಂದು ಎತ್ತಿಕೊಂಡೇ ಬರುತ್ತಾರೆ.